ಗುಡ್ಡದ ಮೇಲೆ ಮೋಡ ಇದೆ, ಓವರ್

ನವೆಂಬರ್ 3, ಬೆಳಿಗ್ಗೆ

ಸೆಟ್ ಆನ್. ಟೀ ಎಂದಿನಂತೆ ತಣ್ಣಗೆ. ಹೆಡ್‌ಫೋನಿನ ಸ್ಪಂಜು ಮತ್ತೆ ಕಿತ್ತು ಬಂದಿದೆ. ಸ್ಟೋರಿನವನಿಗೆ ಹೇಳಿದರೆ, "ನಿಮ್ಮ ಕಿವಿ ಔಟ್‌ಸೈಜು ಸಾರ್ಜೆಂಟ್, ಸ್ಪಂಜಿನ ತಪ್ಪಲ್ಲ" ಎನ್ನುತ್ತಾನೆ. ಇರಲಿ. ಇಷ್ಟು ವರ್ಷ ಅನ್ನ ಹಾಕಿದ್ದು ಈ ಕಿವಿಯೇ.

ಮಗಳು ಗುಡ್ಡದ ಪೋಸ್ಟಿಗೆ ಹೋಗಿ ಒಂದು ವಾರವಾಯಿತು. ಅಪ್ಪ-ಮಗಳು ಒಂದೇ ಯೂನಿಟ್, ಒಂದೇ ಕೆಲಸ — ವೈರ್‌ಲೆಸ್. ಕೆಳಗೆ ಬೇಸ್‌ನಲ್ಲಿ ನಾನು, ಮೇಲೆ ಅವಳು. ಯೂನಿಟ್ಟಿಗೆಲ್ಲ ನಾನು ಸೀನಿಯರ್, ಅವಳು ಜೂನಿಯರ್. ಮೇಜರ್‌ಗೆ ಮೊದಲು ಮನಸ್ಸಿರಲಿಲ್ಲ. "ಒಂದೇ ಲೈನಿನ ಎರಡು ತುದೀಲಿ ಅಪ್ಪ-ಮಗಳಾ? ಯುದ್ಧದ ಸುದ್ದಿ ಬರತ್ತೋ ಮನೆ ಸುದ್ದಿ ಬರತ್ತೋ?" ಎಂದರು. ಬೇರೆ ಆಪರೇಟರ್ ಇರಲಿಲ್ಲ. ಇದ್ದೊಬ್ಬ ಟೈಫಾಯ್ಡ್ ಹಿಡಿದು ಮಲಗಿದ್ದ. ನಾನೂ ಒಂದು ಮಾತು ಸೇರಿಸಿದೆ — ಅವಳಷ್ಟು ಚುರುಕಾದವರು ಸಿಕ್ಕುವುದಿಲ್ಲ ಸಾರ್ ಎಂದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಕ್ಯಾಪ್ಟನ್ ನಕ್ಕರು. ನಗಲಿ. ನಿಜವನ್ನೇ ಹೇಳಿದ್ದೆ.

ಒಂಬತ್ತಕ್ಕೆ ಕರೆ. "ಬೇಸ್, ಬೇಸ್, ಗುಡ್ಡ ಮಾತಾಡ್ತಿದೆ, ಓವರ್."

ಮೊದಲು ಜೋಡಿ ಕೇಳಬೇಕು, ಮಿಕ್ಕ ಮಾತು ಆಮೇಲೆ. ನಾನೊಂದು ಪದ ಹೇಳುವುದು, ಅವಳು ಅದರ ಜೋಡಿ ಹೇಳುವುದು. ದಿನಕ್ಕೊಂದು ಜೋಡಿ. ಕಾಗದ ಮೇಲಕ್ಕೆ ಹೋಗುವಂತಿಲ್ಲ, ಹತ್ತುವ ಮುಂಚೆ ಎಲ್ಲ ಬಾಯಿಪಾಠ. ಹಿಂದೆ ಮಗ್ಗಿ ಹೇಳಿಸಿದ ಹಾಗೆ ನಾನೇ ಕೂರಿಸಿ ಹೇಳಿಸಿದ್ದೆ. ಅವಳನ್ನು ಯಾರಾದರೂ ಹಿಡಿದು, ತಲೆಗೆ ಪಿಸ್ತೂಲಿಟ್ಟು ಮಾತಾಡಿಸಿದರೆ? ಆಗ ಹಿಂದಿನ ದಿನದ ಜೋಡಿ ಹೇಳಬೇಕು. ಹಿಡಿದವರಿಗೆ ತಿಳಿಯುವುದಿಲ್ಲ, ನಮಗೆ ತಿಳಿಯುತ್ತದೆ.

"ಕತ್ತರಿ" ಎಂದೆ. "ಕೊಡೆ" ಎಂದಳು. ಸರಿ. ಪೋಸ್ಟಿನಲ್ಲಿ ಎಲ್ಲರೂ ಕ್ಷೇಮ. ಗುಡ್ಡದ ಮೇಲೆ ಮೋಡ ಇದೆ, ಓವರ್. ಮೋಡದ ವರದಿ ಪ್ರತಿ ಕರೆಯಲ್ಲೂ ಕಡ್ಡಾಯ. ಇಲ್ಲಿಂದ ಗುಡ್ಡದ ತಲೆ ಕಾಣುವುದಿಲ್ಲ, ನಡುವೆ ಇನ್ನೊಂದು ಬೆಟ್ಟಸಾಲು ಅಡ್ಡ. ಹೆಲಿಕಾಪ್ಟರೋ ವಿಮಾನವೋ ಯಾವುದೇ ಹೊರಡಬೇಕಾದರೂ ಅವಳ ಬಾಯಿಂದ "ಕ್ಲಿಯರ್" ಬರಬೇಕು. ಏರ್‌ಫೀಲ್ಡಿನವರು ಫೋನ್ ಮಾಡಿ, "ನಿಮ್ಮ ಮಹಾರಾಣಿ ಅಪ್ಪಣೆ ಕೊಟ್ರಾ?" ಎಂದು ಕೇಳುತ್ತಾರೆ. ಕೇಳಿದಾಗಲೆಲ್ಲ ಎದೆ ಒಂದಿಷ್ಟು ಉಬ್ಬುತ್ತದೆ.

ನವೆಂಬರ್ 6

ಇವತ್ತು ಜೋಡಿ ಕೇಳಲು ಮರೆತೆ. ಮರೆತೆ ಅನ್ನುವುದಕ್ಕಿಂತ... ಬೇಕೆನಿಸಲಿಲ್ಲ. ಅವಳು "ಬೇಸ್" ಎನ್ನುವಾಗ ಕೊನೆಯಲ್ಲಿ ಒಂದಿಷ್ಟು ಎಳೆಯುತ್ತಾಳೆ, ಹಾಲುಹಲ್ಲು ಬಿದ್ದ ಕಾಲದಿಂದ ಹಾಗೇ. ಅದನ್ನು ಕೇಳಿದ ಮೇಲೆ ಇನ್ನೇನು ಕೇಳುವುದು?

ಅವಳು ಬಿಡಬೇಕಲ್ಲ.

"ಸಾರ್ಜೆಂಟ್, ಜೋಡಿ ಕೇಳಲಿಲ್ಲ, ಓವರ್."

"ನೀನು ಹುಟ್ಟಿದಾಗ ಅತ್ತಿದ್ದನ್ನೇ ಕೇಳಿದೀನಿ. ನಿನಗೆ ಜೋಡಿ ಬೇರೆ ಕೇಳ್ಬೇಕಾ? ಓವರ್."

"ರೂಲು ನೀವೇ ಹೇಳ್ಕೊಟ್ಟಿದ್ದು, ಓವರ್."

ಗುರುವಿಗೇ ತಿರುಮಂತ್ರ! ಬೈದೆ. ಬೈಯುವಾಗ ನಗು ಬಂತು, ಅದು ಅವಳಿಗೂ ಕೇಳಿಸಿತು. ಜೋಡಿ ಕೇಳದೆಯೇ ಕರೆ ಮುಗಿಯಿತು. ಕ್ಯಾಪ್ಟನ್ ಬಾಗಿಲಲ್ಲಿ ತಲೆ ಹಾಕಿ ದಿನದ ಹಾಗೆ, "ಜೋಡಿ ಸರೀನಾ?" ಎಂದರು. "ಸರಿ ಸಾರ್" ಎಂದೆ.

ನವೆಂಬರ್ 8

ಹೆಂಡತಿಯ ಫೋನ್. ಹಿನ್ನೆಲೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದು. ಫೋನಿಟ್ಟುಕೊಂಡೇ ಹೊಲಿಯುತ್ತಾಳೆ, ಸಿಟ್ಟು ಬಂದರೆ ಪೆಡಲ್ ಜೋರಾಗುತ್ತದೆ.

"ಒದ್ದೆ ಕಾಲುಚೀಲ ಹಾಕ್ಕೋಬೇಡ ಅಂತ ಹೇಳಿ ಅವಳಿಗೆ."

"ಅದನ್ನೆಲ್ಲ ಸೆಟ್‌ನಲ್ಲಿ ಹೇಳೋ ಹಾಗಿಲ್ಲ ಮಾರಾಯ್ತಿ."

"ಅಷ್ಟು ಹೇಳಕ್ಕೂ ಆಗಲ್ಲ ಅಂದ್ರೆ ಅಪ್ಪ ಅಂತ ಅಲ್ಲಿ ಯಾಕೆ ಕೂತಿದೀರಿ? ಗಂಡನ್ನೂ ಮಗಳನ್ನೂ ಸರ್ಕಾರಕ್ಕೆ ಬರ್ಕೊಟ್ಟು ನಾನಿಲ್ಲಿ ಗುಂಡಿ ಹೊಲೀತಾ ಕೂತಿದೀನಿ."

ಮಿಷನ್ ರೈಲಿನಂತೆ ಓಡಿತು. ಸಂಜೆಯ ಕರೆಯಲ್ಲಿ ಕಾಲುಚೀಲದ ವಿಷಯ ಹೇಳಿಬಿಟ್ಟೆ. ಮೇಲಿನಿಂದ ಉತ್ತರ — "ಸಂದೇಶ ತಲುಪಿದೆ, ಓವರ್." ಒಂದು ಕ್ಷಣ ಬಿಟ್ಟು ಕಿಸಕ್ಕೆಂದಳು. ಇವತ್ತೂ ಜೋಡಿ ಕೇಳಲಿಲ್ಲ. ಅವಳೂ ನೆನಪಿಸಲಿಲ್ಲ. ಹೇಳಿ ಹೇಳಿ ಸಾಕಾಗಿರಬೇಕು.

ನವೆಂಬರ್ 11

ಬೆಳಗಿನ ಕರೆ ತಡವಾಯಿತು. ಸಿಗ್ನಲ್ ಚೆನ್ನಾಗಿತ್ತು, ಅವಳೇ ಸರಿಯಿರಲಿಲ್ಲ. "ಬೇಸ್... ಗುಡ್ಡ ಮಾತಾಡ್ತಿದೆ, ಓವರ್" ಎಂದು ಸುಮ್ಮನಾದಳು. ಕಾದೆ. ಏನೂ ಇಲ್ಲ.

"ಏನಮ್ಮಾ, ರಾತ್ರಿ ನಿದ್ದೆ ಆಗಿಲ್ವಾ? ಓವರ್."

"ಬೇಸ್, ಬೇರೆ ಏನಾದ್ರೂ ಕೇಳೋದಿದೆಯಾ? ಓವರ್."

"ಏನಿಲ್ಲ, ನೀನು ಹೇಳು, ಓವರ್."

ಮತ್ತೆ ಮೌನ. ಆಮೇಲೆ ಒಂದೇ ಉಸಿರಿಗೆ ಹೇಳಿದಳು — ರೇಷನ್ ಮುಗೀತಾ ಬಂದಿದೆ, ಹಳ್ಳದ ದಾರಿ ಕ್ಲಿಯರ್ ಇದೆ, ಆ ದಾರಿಯಲ್ಲೇ ಆಳುಗಳನ್ನು ಕಳಿಸಿ. ಗುಡ್ಡದ ಮೇಲೆ ಮೋಡ ಇದೆ, ಓವರ್. ಪಾಠ ಒಪ್ಪಿಸಿದಂತಿತ್ತು. ಶೀತ ಆಗಿರಬೇಕು. ಒದ್ದೆ ಕಾಲುಚೀಲ, ಇನ್ನೇನು.

ಕ್ಯಾಪ್ಟನ್‌ಗೆ ವರದಿ ಕೊಟ್ಟೆ. "ಜೋಡಿ ಸರೀನಾ?" "ಸರಿ ಸಾರ್."

ನವೆಂಬರ್ 12

ರೇಷನ್ ಹೊತ್ತ ತಂಡ ಹೊರಟಿತು. ಮುಂದೆ ಲೆಫ್ಟಿನೆಂಟ್, ಮೀಸೆ ಈಗಷ್ಟೇ ಚಿಗುರುತ್ತಿರುವವರು. ಹಿಂದೆ ಅಡುಗೆಯವ. ಯೂನಿಟ್‌ನಲ್ಲಿ ಅವನಿಗೆ "ಉಪ್ಪು" ಎಂದೇ ಹೆಸರು, ಕೈ ಜಾರಿದರೆ ಜಾರಿದ್ದೇ. ಒಂದು ಜೊತೆ ಒಣ ಕಾಲುಚೀಲ ಅವನ ಕೈಗೆ ಕೊಟ್ಟೆ. "ಜೂನಿಯರ್‌ಗೆ ಕೊಡ್ತೀನಿ ಸೀನಿಯರ್, ಸಾರಿಗೆ ಹಾಕಲ್ಲ" ಎಂದ.

ನವೆಂಬರ್ 14, ಮಧ್ಯಾಹ್ನ

ಎಲ್ಲಿಂದ ಶುರು ಮಾಡಲಿ.

ತಂಡ ಹಳ್ಳದಲ್ಲಿ ಸಿಕ್ಕಿಬಿದ್ದಿದೆ. ಉಪ್ಪು ಒಬ್ಬನೇ ಬಂದ. ಕೊರಕಲಲ್ಲಿ ಹೊಟ್ಟೆ ಎಳೆದುಕೊಂಡು, ಪೊದೆ ಪೊದೆ ದಾಟಿ ಬಂದಿದ್ದಾನೆ. ಯಾರ ಕಣ್ಣಿಗೂ ಬಿದ್ದಿಲ್ಲ. ಅಂಗಿಯ ತುಂಬ ರಕ್ತ, ಅದು ಅವನದಲ್ಲ.

"ಗುಂಡು ಬಂದಿದ್ದು ಪೋಸ್ಟಿಂದಲೇ ಸಾರ್. ನಮ್ಮ ಪೋಸ್ಟಿಂದಲೇ."

ನೀನು ಹೆದರಿದ್ದೆ, ದಿಕ್ಕು ತಪ್ಪಿರಬೇಕು ಎಂದರು ಮೇಜರ್. ಅವನು ತಲೆ ಅಲ್ಲಾಡಿಸಿದ. ಸತ್ತವರು ಸತ್ತರು, ಉಳಿದವರು ಬಂಡೆಗಳ ಸಂದಿಯಲ್ಲಿ ಬಿದ್ದಿದ್ದಾರೆ, ಲೆಫ್ಟಿನೆಂಟ್‌ಗೆ ತೊಡೆಯಲ್ಲಿ ಗುಂಡು, ಅವರ ಸೆಟ್ ಒಡೆದು ಹೋಗಿದೆ. ಸ್ವಲ್ಪ ಸದ್ದಾದರೂ ಮೇಲಿನಿಂದ ಹೊಡೆಯುತ್ತಾರೆ. ಮೋಡ ಇಳಿದಿರುವುದರಿಂದ ಜೀವ ಉಳಿದಿದೆ, ಮೋಡ ಹೋದರೆ ಹಳ್ಳ ಅಂಗೈಯಂತೆ ಕಾಣುತ್ತದೆ ಎಂದ.

ಕ್ಯಾಪ್ಟನ್ ನನ್ನ ಕಡೆ ತಿರುಗಿದರು. "ಅವತ್ತು ದಾರಿ ಕ್ಲಿಯರ್ ಅಂದಾಗ ಜೋಡಿ ಕೇಳಿದ್ರಾ?"

ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ.

"ಇಲ್ಲ ಸಾರ್."

"ಸರಿ ಅಂದ್ರಲ್ಲ?"

"ಅವಳ ಧ್ವನಿ ಅಂತ..."

"ಧ್ವನಿ ಅವಳದೇ ಸಾರ್ಜೆಂಟ್. ಯಾರು ಇಲ್ಲ ಅಂದ್ರು?"

ಮೇಜರ್ ಬೈಯಲಿಲ್ಲ. ಬೈದಿದ್ದರೆ, ಕೆನ್ನೆಗೊಂದು ಕೊಟ್ಟಿದ್ದರೆ ಚೆನ್ನಾಗಿತ್ತು. ನಕಾಶೆಯನ್ನು ನೋಡುತ್ತ ನಿಂತರು.

ಈಗ ಅರ್ಥವಾಗುತ್ತಿದೆ. ಕೆಟ್ಟ ಮೇಲೆ ಬುದ್ಧಿ. ಅವಳಿಗೆ ಶೀತವಾಗಿರಲಿಲ್ಲ. ಆ ಮೌನದಲ್ಲಿ ಅವಳು ಕಾಯುತ್ತಿದ್ದಳು, ನಾನು ಜೋಡಿ ಕೇಳಲಿ ಎಂದು. "ಬೇರೆ ಏನಾದ್ರೂ ಕೇಳೋದಿದೆಯಾ" ಎಂದು ಬಾಯಿಬಿಟ್ಟು ಕೇಳಿದಳಲ್ಲ! ಪಿಸ್ತೂಲಿನ ಎದುರು ಕೂತು ನನ್ನಿಂದ ಒಂದು ಪದಕ್ಕಾಗಿ ಕಾದಳು. ನಾನು ನಿದ್ದೆ ಆಯಿತಾ ಎಂದು ವಿಚಾರಿಸಿದೆ. ನಾನು ಕೇಳದೆ ಅವಳು ಹೇಳುವುದು ಹೇಗೆ? ಯಾವನೋ ಅಪರಿಚಿತ ಆಪರೇಟರ್ ಈ ಕುರ್ಚಿಯಲ್ಲಿದ್ದಿದ್ದರೆ ಕೇಳಿರುತ್ತಿದ್ದ. ಅಪ್ಪನಾಗಿದ್ದಕ್ಕೇ ಕೇಳಲಿಲ್ಲ.

ಹಳ್ಳದಲ್ಲಿ ಬಿದ್ದವರನ್ನು ಬೀಳಿಸಿದ್ದು ನಾನು.

ಸಂಜೆ

ಐದರ ಕರೆಗೆ ನನ್ನನ್ನೇ ಕೂರಿಸಿದರು. ನನ್ನನ್ನು ತೆಗೆದುಹಾಕಿ ಸಾರ್ ಎಂದು ಬೇಡಿದೆ. "ಧ್ವನಿ ಬದಲಾದ್ರೆ ಅವರಿಗೆ ಅನುಮಾನ ಬರತ್ತೆ. ನೀವು ಆ ಕುರ್ಚಿ ಬಿಡೋ ಹಾಗಿಲ್ಲ" ಎಂದರು ಮೇಜರ್. ಜೋಡಿ ಕೇಳಿ, ದಿನಾ ಕೇಳುವವರ ಹಾಗೆ ಕೇಳಿ ಎಂದರು. ಸರಿಯಾದ ಉತ್ತರ ಬಂದರೆ ಪೋಸ್ಟ್ ನಮ್ಮದೇ, ಉಪ್ಪು ದಿಕ್ಕು ತಪ್ಪಿದ್ದಾನೆ, ನಾಳೆ ಇನ್ನೊಂದು ತಂಡ ಹತ್ತುತ್ತದೆ. ನಿನ್ನೆಯ ಜೋಡಿ ಬಂದರೆ ಪೋಸ್ಟ್ ಶತ್ರುವಿನ ಕೈಗೆ ಹೋಗಿದೆ. ಆಗ ವಿಮಾನ. ಪೋಸ್ಟನ್ನೇ ಒಡೆದು ಹಾಕುವುದು, ಅಲ್ಲಿ ನಮ್ಮವರು ಯಾರು ಉಳಿದಿದ್ದರೂ ಸರಿ.

ಇವತ್ತಿನದು ಗಡಿಯಾರಕ್ಕೆ ಸಾಬೂನು. ನಿನ್ನೆಯದು ಬೀಗಕ್ಕೆ ಹಗ್ಗ.

ಸೆಟ್ ಚಾಲೂ ಮಾಡುವಾಗ ಮನಸ್ಸಿನಲ್ಲಿ ಒಂದೇ ಜಪ. ಸಾಬೂನು ಅನ್ನು ತಾಯಿ. ಉಪ್ಪು ಸುಳ್ಳಾಗಲಿ, ನೀನು ಬಿಸಿ ನೀರು ಕಾಯಿಸಿಕೊಂಡು ಬೆಚ್ಚಗೆ ಕೂತಿರು. ಸಾಬೂನು ಅನ್ನು.

"ಬೇಸ್, ಗುಡ್ಡ ಮಾತಾಡ್ತಿದೆ, ಓವರ್."

"ಗಡಿಯಾರ, ಓವರ್."

"ಹಗ್ಗ, ಓವರ್."

ತಡವೇ ಇಲ್ಲ. ಥಟ್ಟನೆ ಬಂತು. ಎಷ್ಟು ದಿನದಿಂದ ಬಾಯಲ್ಲೇ ಹಿಡಿದು ಕೂತಿದ್ದಳೋ. ತಪ್ಪು ಉತ್ತರಕ್ಕೆ "ಸರಿ, ಮುಂದುವರಿಸಿ, ಓವರ್" ಎಂದೆ. ಹಾಗೆಂದದ್ದರಿಂದಲೇ ಅವಳಿಗೂ ತಿಳಿಯಿತು, ಅಪ್ಪನಿಗೆ ತಿಳಿಯಿತೆಂದು. ದೊಡ್ಡ ಉಸಿರೊಂದು ಕೇಳಿಸಿತು. ಆಮೇಲೆ ಅವರು ಕಲಿಸಿಕೊಟ್ಟಿದ್ದನ್ನು ಹೇಳಿದಳು — ಕೆಳಗೆ ಗುಂಡಿನ ಸದ್ದು ಕೇಳಿತು, ಪೋಸ್ಟಿಗೆ ಏನೂ ಆಗಿಲ್ಲ, ರೇಷನ್ ಬಂದಿಲ್ಲ. ಮೋಡ ಇದೆ. ನಾನು ಮೇಜರ್ ಬರೆದುಕೊಟ್ಟಿದ್ದನ್ನು ಓದಿದೆ — ರೇಷನ್ನನ್ನು ಹೆಲಿಕಾಪ್ಟರಿನಲ್ಲಿ ಕಳಿಸುತ್ತೇವೆ, ಮೋಡ ಸರಿದ ಕೂಡಲೇ ತಿಳಿಸಿ. ಅವರಿಗೆ ಖುಷಿಯಾಗಿರಬೇಕು, ಹೊಡೆದುರುಳಿಸಲು ಹೆಲಿಕಾಪ್ಟರ್ ಬೇರೆ ಸಿಕ್ಕಿತೆಂದು.

ಹೆಡ್‌ಫೋನ್ ಒಂದೇ. ಅವಳು ಹೇಳಿದ ಪದ ಈ ಕೋಣೆಯಲ್ಲಿ ಕೇಳಿಸಿದ್ದು ನನಗೊಬ್ಬನಿಗೇ.

"ಏನಂದ್ಲು?" ಎಂದರು ಕ್ಯಾಪ್ಟನ್.

ಸಾಬೂನು ಎಂದರೆ ಮುಗಿಯಿತು. ಮಗಳು ನಾಳೆಯೂ ಇರುತ್ತಾಳೆ. ಇನ್ನೊಂದು ತಂಡ ಹಳ್ಳಕ್ಕಿಳಿಯುತ್ತದೆ, ಅವರ ಮನೆಗಳಲ್ಲೂ ಫೋನ್ ಇರುತ್ತದೆ. ಅತ್ತ ದರಿ, ಇತ್ತ ಪುಲಿ. ಬಾಯಿಗೆ "ಸಾ" ಬಂದಿತ್ತು, ದೇವರಾಣೆ ಬಂದಿತ್ತು.

"ಹಗ್ಗ ಸಾರ್. ನಿನ್ನೇದು."

ಉಪ್ಪು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದವನು ಬಿಕ್ಕಿ ಬಿಕ್ಕಿ ಅತ್ತ. ಅವಳನ್ನು ಕರೆತರುವ ದಾರಿ ಇಲ್ಲವೇ ಎಂದು ಕೇಳಿದೆ. ಕಾಲು ಹಿಡಿಯುವುದೊಂದು ಬಾಕಿ.

"ಇರೋ ದಾರಿ ಹಳ್ಳದ್ದೇ" ಎಂದರು ಮೇಜರ್. "ಅಲ್ಲಿ ನಮ್ಮೋರೇ ಬಿದ್ದಿದಾರೆ. ಅವರನ್ನ ತರಬೇಕಂದ್ರೆ ಮೊದಲು ಮೇಲಿನ ಬಂದೂಕು ನಿಲ್ಲಬೇಕು. ನನಗೂ ಮಕ್ಕಳಿದಾರೆ ಸಾರ್ಜೆಂಟ್."

ಇದ್ದಾರೆ. ಶಾಲೆಯಲ್ಲಿದ್ದಾರೆ.

ನವೆಂಬರ್ 15, ಬೆಳಿಗ್ಗೆ ಏಳು

"ಮೋಡ ಇದೆ, ಓವರ್."

ಅಬ್ಬ. ಇಷ್ಟು ವರ್ಷ ಮೋಡಕ್ಕೆ ಬೈದವನು ಇವತ್ತು ಕೈಮುಗಿದೆ. ಇರು, ಇನ್ನೊಂದು ದಿನ ಇರು. ಮರುಕ್ಷಣವೇ ಲೆಫ್ಟಿನೆಂಟ್‌ನ ತೊಡೆ ನೆನಪಾಯಿತು. ಒಂದು ದಿನ ಕಳೆದರೆ ಆ ಹುಡುಗ ಉಳಿಯುವುದಿಲ್ಲ. ನನಗೆ ಏನನ್ನು ಬೇಡಿಕೊಳ್ಳುವ ಹಕ್ಕಿದೆ?

ಎಂಟು

ಹೆಂಡತಿಯ ಫೋನ್. ಅವಳಿಗೆ ಹೇಳಕೂಡದೆಂದು ಆಜ್ಞೆ. ಆಜ್ಞೆ ಇಲ್ಲದಿದ್ದರೂ ಯಾವ ಬಾಯಲ್ಲಿ ಹೇಳಲಿ.

"ಮಗಳು ಮಾತಾಡಿದ್ಲಾ?"

"ಈಗಷ್ಟೇ ಮಾತಾಡಿದ್ಲು."

"ಏನಂದ್ಲು?"

"ಮೋಡ ಇದೆ ಅಂದ್ಲು."

"ಅದೊಂದೇನಾ? ಚೆನ್ನಾಗಿದಾಳಾ? ಊಟ ಮಾಡ್ತಿದಾಳಂತಾ?"

"ಧ್ವನಿ ಗಟ್ಟಿಯಾಗಿದೆ."

ಒಂದೂ ಸುಳ್ಳಲ್ಲ. ಮಿಷನ್ ಸದ್ದಿರಲಿಲ್ಲ ಇವತ್ತು. "ನಿಮ್ಮ ಧ್ವನಿ ಯಾಕೆ ಹೀಗಿದೆ?" ಎಂದಳು. ಶೀತ ಎಂದೆ. ಅದೊಂದು ಸುಳ್ಳಾಯಿತು.

ಒಂಬತ್ತೂವರೆ

ಮೋಡ ಇದೆ. ತೆಳುವಾಗ್ತಿದೆ, ಓವರ್.

ತೆಳುವಾಗುತ್ತಿದೆ ಎಂದು ಯಾಕೆ ಹೇಳಬೇಕಿತ್ತು? ಯಾರು ಕೇಳಿದ್ದರು? ಇದೆ ಎಂದಷ್ಟೇ ಹೇಳಿದ್ದರೆ ಸಾಕಿತ್ತಲ್ಲ, ಕತ್ತೆ. ಹುಟ್ಟಾ ಹಠಮಾರಿ. ಅರ್ಧ ಸತ್ಯ ಹೇಳುವುದು ಚಿಕ್ಕಂದಿನಿಂದಲೂ ಗೊತ್ತಿಲ್ಲ. ಹೆಲಿಕಾಪ್ಟರ್ ಅಲ್ಲ ಬರುವುದು ಎಂದು ಅವಳಿಗೆ ತಿಳಿದಿದೆ. ಹಿಡಿದವರಿಗೆ ತಿಳಿದಿಲ್ಲ, ಅವಳಿಗೆ ತಿಳಿದಿದೆ. ಅಷ್ಟು ಬುದ್ಧಿ ಇಲ್ಲದವಳಲ್ಲ.

ಏರ್‌ಫೀಲ್ಡಿನವರು ಫೋನ್ ಮಾಡಿದರು. ಮಹಾರಾಣಿ ಎನ್ನಲಿಲ್ಲ. "ಸಾರ್ಜೆಂಟ್, ನಾವು ರೆಡಿ" ಎಂದಷ್ಟೇ ಹೇಳಿ ಇಟ್ಟರು.

ಹನ್ನೊಂದು

ಒಂದು ಪ್ರಯತ್ನ ಮಾಡಿದೆ. ಪೋಸ್ಟಿನಲ್ಲಿ ಬ್ಯಾಟರಿ ಇಡುವುದು ಕಟ್ಟಡದಲ್ಲಲ್ಲ, ಹಿಂದೆ ನೆಲದಲ್ಲಿ ತೋಡಿದ ಗುಂಡಿಯಲ್ಲಿ. ಮೇಲೆ ಮರದ ದಿಮ್ಮಿ, ಅದರ ಮೇಲೆ ಮಣ್ಣು. ಅಲ್ಲಿಗೆ ಇಳಿದರೆ ಬದುಕಬಹುದು. ಬದುಕಬಹುದೋ ಇಲ್ಲವೋ, ಕಟ್ಟಡಕ್ಕಿಂತ ವಾಸಿ.

"ಗುಡ್ಡ, ನಿನ್ನ ಧ್ವನಿ ಇಳೀತಿದೆ. ಬ್ಯಾಟರಿ ಬದಲಾಯಿಸು. ಮೋಡದ ವರದಿ ಕೊಟ್ಟ ತಕ್ಷಣ ನೀನೇ ಹೋಗಿ ಬದಲಾಯಿಸು, ಓವರ್."

ಧ್ವನಿ ಇಳಿದಿರಲಿಲ್ಲ. ಕ್ಯಾಪ್ಟನ್ ನನ್ನನ್ನೇ ನೋಡುತ್ತಿದ್ದರು. ತಡೆಯಲಿಲ್ಲ, ಕಿಟಕಿಯ ಕಡೆ ತಿರುಗಿಕೊಂಡರು.

ಆ ಕಡೆ ಗಂಡಸಿನ ಗೊಣಗಾಟ. ಆಮೇಲೆ ಅವಳು.

"ಬ್ಯಾಟರಿ ಸಾಕಷ್ಟಿದೆ ಸಾರ್ಜೆಂಟ್. ಸೆಟ್ ಬಿಟ್ಟು ಹೋಗಲ್ಲ, ಓವರ್."

ಅವರು ಬಿಡಲಿಲ್ಲವೋ, ಬಿಟ್ಟರೂ ಹೋಗುವುದಿಲ್ಲ ಎಂದಳೋ. ಇನ್ನೊಮ್ಮೆ ಹೇಳಿದೆ. ಆಜ್ಞೆ ಎಂದೆ. ಆಜ್ಞೆ, ಕೇಳಿಸ್ತಾ, ಆಜ್ಞೆ! ಕ್ಯಾಪ್ಟನ್ ಭುಜದ ಮೇಲೆ ಕೈ ಇಟ್ಟರು. ಕೂಗಿಬಿಟ್ಟಿದ್ದೆ.

"ಮೋಡ ಇದೆ, ಓವರ್" ಎಂದಳು. ಮೆತ್ತಗೆ, ನನ್ನನ್ನು ಸಮಾಧಾನ ಮಾಡುವವಳ ಹಾಗೆ. ಯಾರು ಯಾರನ್ನು ಸಮಾಧಾನ ಮಾಡಬೇಕಿತ್ತು.

ಹನ್ನೆರಡು ದಾಟಿದೆ

ಈಗ ಬಂತು. ಕರೆಯ ವೇಳೆಯಲ್ಲ, ಅವಳಾಗಿಯೇ ಕರೆದಳು.

"ಬೇಸ್, ಗುಡ್ಡ ಮಾತಾಡ್ತಿದೆ. ಜೋಡಿ ಕೇಳಿ, ಓವರ್."

ಕೇಳಿದೆ. ಇವತ್ತಿನ ಪದ ಹೇಳಿದೆ. ನಿನ್ನೆಯ ಉತ್ತರ ಬಂತು — "ಸಾಬೂನು." ಮತ್ತೆ ಯಾವ ಅನುಮಾನಕ್ಕೂ ಜಾಗ ಉಳಿಯದ ಹಾಗೆ ಹೇಳಿದಳು. ಸರಿ ಎಂದೆ.

"ಮೋಡ ಪೂರ್ತಿ ಸರಿದಿದೆ. ಕ್ಲಿಯರ್. ಹಳ್ಳದ ತನಕ ಎಲ್ಲ ಕಾಣ್ತಿದೆ, ಓವರ್."

ಹಳ್ಳ ಕಾಣುತ್ತಿದೆ ಎಂದರೆ ಹಳ್ಳದಲ್ಲಿ ಬಿದ್ದವರು ಕಾಣುತ್ತಿದ್ದಾರೆ. ಅವಳಿಗೆ ಮಾತ್ರವಲ್ಲ, ಪಕ್ಕದಲ್ಲಿರುವ ಬಂದೂಕುಗಳಿಗೂ. ಅದನ್ನೇ ಹೇಳಿದಳು ಮಗಳು. ತಡ ಮಾಡಬೇಡ ಎಂದು ಹೇಳಿದಳು.

ಕ್ಯಾಪ್ಟನ್ ಕಾರಿಡಾರಿನಲ್ಲಿದ್ದಾರೆ. ಏರ್‌ಫೀಲ್ಡಿನ ಫೋನ್ ಅವರ ಕೈಯಲ್ಲೇ ಇದೆ. "ಏನಾದ್ರೂ ಬಂತಾ ಸಾರ್ಜೆಂಟ್?" ಎಂದರು. ಒಂದು ನಿಮಿಷ ಸಾರ್, ಬರ್ಕೋತಿದೀನಿ ಎಂದೆ. ಬರೆದುಕೊಳ್ಳುತ್ತಿದ್ದೇನೆ. ಅವಳು ಲೈನ್ ಬಿಟ್ಟಿಲ್ಲ. ಸ್ವಿಚ್ ಒತ್ತಿ ಹಿಡಿದಿದ್ದಾಳೆ, ಏನೂ ಹೇಳುತ್ತಿಲ್ಲ, ಉಸಿರಾಟ ಕೇಳುತ್ತಿದೆ. ಇದು ನಿಂತ ಮೇಲೆ ಇನ್ನೆಲ್ಲಿ ಕೇಳಲಿ?

ಹೇಳುತ್ತೇನೆ. ಹೇಳಲೇಬೇಕು, ಹಳ್ಳದಲ್ಲಿ ಹುಡುಗರಿದ್ದಾರೆ. ಈ ಸಾಲು ಮುಗಿದ ಕೂಡಲೇ ಎದ್ದು ಹೋಗಿ ಹೇಳುತ್ತೇನೆ. ಈ ಸಾಲು